ವೆಂಗರ್ ಬೇಕಾ, ಬೇಡ್ವಾ? ಓದುಗರ ಪ್ರಶ್ನೆ, ನನ್ನ ಉತ್ತರ

ತಪ್ಪಾಯ್ತು, ಒಪ್ಪಿಕೊಂಡೆ. ಕಳೆದ ಸಂಚಿಕೆಯಲ್ಲಿ ಸಿರುಗುಪ್ಪದ ಓದುಗರೊಬ್ಬರು 'ನೀವು ಕಂಡ ಅತ್ಯುತ್ತಮ ಫುಟ್‌ಬಾಲ್ ಮ್ಯಾನೇಜರ್ ಯಾರು?' ಅಂತ ಕೇಳಿದ್ದರು. 'ವೆಂಗರ್' ಅಂತ ಒಂದೇ ಪದ ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟೆ. ಈ ಸಲ ಬಂದಿರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದು ಪದದ ಮೇಲೇ. ಕ್ರಿಕೆಟ್ ಬಿಟ್ಟರೆ ನಮ್ಮ ಕಡೆ ಬೇರೆ ಆಟ ಯಾರು ನೋಡ್ತಾರೆ ಅಂದುಕೊಂಡಿದ್ದೆ, ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಬೈಗುಳ ಬಂದಿದೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಆರ್ಸೆನಲ್ ಲಂಡನ್ನಿನ ದೊಡ್ಡ ಕ್ಲಬ್. ಫ್ರಾನ್ಸಿನ ಆರ್ಸೆನ್ ವೆಂಗರ್ 1996ರಿಂದ 2018ರವರೆಗೆ ಅದರ ಮ್ಯಾನೇಜರ್, ಅಂದರೆ ಮುಖ್ಯ ಕೋಚ್. ಇಬ್ಬರ ಹೆಸರೂ ಒಂದೇ ಥರ ಇರೋದು ಬರೀ ಕಾಕತಾಳೀಯ.

ಪ್ರ: ಸರ್, 2011ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ನಮ್ಮ ಆರ್ಸೆನಲ್‌ಗೆ 8-2 ಬಾರಿಸಿದಾಗ ನಾನು ಹೈಸ್ಕೂಲು. ಮಾರನೇ ದಿನ ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು 'ಎಂಟು' ಅಂತ ಕರೆದರು. ಪಿಯುಸಿ ಮುಗಿಯೋವರೆಗೂ ಅದೇ ಹೆಸರು. ಅಂಥ ಮ್ಯಾನೇಜರನ್ನ ಅತ್ಯುತ್ತಮ ಅಂತ ಯಾವ ಬಾಯಲ್ಲಿ ಹೇಳ್ತೀರಿ?
ಓದುಗ, ಕೌಲ್ ಬಜಾರ್, ಬಳ್ಳಾರಿ

ಮಿರ್ಚಿ ತಿಂದ ಬಾಯಲ್ಲೇ ಹೇಳ್ತೀನಿ. ಮೊದಲು ನನ್ನದೊಂದು ಪ್ರಶ್ನೆ: ನೀವು ಯಾವ ವರ್ಷದಿಂದ ನೋಡೋಕೆ ಶುರು ಮಾಡಿದಿರಿ? ಈ ಜಗಳದಲ್ಲಿ ನಾನು ಎಲ್ಲರನ್ನೂ ಕೇಳೋದು ಇದನ್ನೇ. ಉತ್ತರ ಬಂದ ಕೂಡಲೇ ಅವರು ವೆಂಗರ್ ಪರವೋ ವಿರುದ್ಧವೋ ಗೊತ್ತಾಗಿಬಿಡುತ್ತದೆ.

ನಾನು ಶುರು ಮಾಡಿದ್ದು 2002ರಲ್ಲಿ. ಆ ವರ್ಷ ಆರ್ಸೆನಲ್ ಲೀಗೂ ಗೆದ್ದಿತು, ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್ಪೂ ಗೆದ್ದಿತು. 1998ರಲ್ಲೂ ವೆಂಗರ್ ಹಾಗೇ ಎರಡನ್ನೂ ಎತ್ತಿದ್ದರು. ಇನ್ನು 2003-04ರ ಲೀಗು: 38 ಮ್ಯಾಚು, 26 ಗೆಲುವು, 12 ಡ್ರಾ, ಸೋಲು ಸೊನ್ನೆ. ಇಂಗ್ಲೆಂಡಿನ ಮೇಲಿನ ಲೀಗಿನಲ್ಲಿ ಒಂದು ಸೀಸನ್ ಪೂರ್ತಿ ಸೋಲದೆ ಮುಗಿಸಿದ ಇನ್ನೊಂದು ತಂಡ ಬೇಕಂದರೆ 1888-89ರ ಪ್ರೆಸ್ಟನ್‌ವರೆಗೆ ಹಿಂದೆ ಹೋಗಬೇಕು, ಅವರು ಆಡಿದ್ದಾದರೂ 22 ಮ್ಯಾಚು. ವೆಂಗರ್ ಹುಡುಗರು ಮುಂದಿನ ಸೀಸನ್ನಿಗೂ ಅದನ್ನ ಎಳೆದುಕೊಂಡು ಹೋಗಿ ಒಟ್ಟು 49 ಲೀಗ್ ಮ್ಯಾಚು ಸೋಲಲಿಲ್ಲ. ಬಾಲು ನಮ್ಮ ಸ್ಟ್ರೈಕರ್ ಆನ್ರಿ ಕಾಲಿಗೆ ಬಂತು ಅಂದರೆ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು ನೋಡುತ್ತಿದ್ದೆವು. ಇಟಲಿಯ ಯುವೆಂಟಸ್‌ನಲ್ಲಿ ಸೈಡಿಗೆ ಹಾಕಿ ಆಡಿಸುತ್ತಿದ್ದ ಈ ಹುಡುಗನನ್ನ 1999ರಲ್ಲಿ ಕರೆತಂದು ನಡುವೆ ನಿಲ್ಲಿಸಿ ಗೋಲು ಹೊಡೆಯೋನನ್ನಾಗಿ ಮಾಡಿದ್ದು ವೆಂಗರೇ.

ನೀವು ಶುರು ಮಾಡೋ ಹೊತ್ತಿಗೆ ಇದೆಲ್ಲ ಹಳೇ ವಿಡಿಯೊ. ನಿಮ್ಮ ಪಾಲಿಗೆ ಬಂದಿದ್ದು ಎಂಟು. ನಿಮ್ಮ ಸಿಟ್ಟು ಸುಳ್ಳಲ್ಲ, ಮಾರಾಯ್ರೇ. ಆದರೆ ನನ್ನ ಪ್ರೀತಿಯೂ ಸುಳ್ಳಲ್ಲ.

ಪ್ರ: ಹೊಸ ಸ್ಟೇಡಿಯಂ ಸಾಲ ಇತ್ತು, ಅದಕ್ಕೇ ಒಂಬತ್ತು ವರ್ಷ ಕಪ್ ಬರಲಿಲ್ಲ ಅಂತಾರೆ ವೆಂಗರ್ ಭಕ್ತರು. ಇದು ನೆಪ ಅಲ್ವಾ?
ಬಟ್ಟೆ ಅಂಗಡಿಯವರು, ಕೊಪ್ಪಳ

ಮೊದಲ ವರ್ಷಗಳಿಗೆ ನೆಪ ಅಲ್ಲ, ಆಮೇಲಿನ ವರ್ಷಗಳಿಗೆ ಖಂಡಿತ ನೆಪ.

ಹಳೇ ಹೈಬರಿ ಮೈದಾನದಲ್ಲಿ 38,000 ಜನಕ್ಕೆ ಜಾಗ. 2006ರಲ್ಲಿ ಹೋದ ಎಮಿರೇಟ್ಸ್ ಸ್ಟೇಡಿಯಂನಲ್ಲಿ 60,000. ಮನೆ ಕಟ್ಟಿದವರಿಗೆ ಗೊತ್ತಲ್ಲ, ಗೃಹಪ್ರವೇಶ ಆದ ಮೇಲೆ ಐದಾರು ವರ್ಷ ಹೊಸ ಬಟ್ಟೆ ತಗೊಳ್ಳಲ್ಲ. (ನಿಮ್ಮ ಅಂಗಡಿಗೆ ನಷ್ಟ, ಬಿಡಿ.) ಮ್ಯಾನೇಜರ್ ಐದು ವರ್ಷ ಇಲ್ಲೇ ಇರ್ತೀನಿ ಅಂತ ಒಪ್ಪಿಕೊಳ್ಳಬೇಕು ಅಂತ ಸಾಲ ಕೊಟ್ಟ ಬ್ಯಾಂಕಿನವರೇ ಕೇಳಿದ್ದರು ಅಂತ ವೆಂಗರ್ ಆಮೇಲೆ ಹೇಳಿಕೊಂಡಿದ್ದಾರೆ. ಅದೇ ಹೊತ್ತಿಗೆ 2003ರಲ್ಲಿ ಚೆಲ್ಸಿ ಕ್ಲಬ್ಬಿಗೆ ರಷ್ಯಾದ ಶ್ರೀಮಂತ ಅಬ್ರಮೋವಿಚ್ ಬಂದಾಗಿತ್ತು, 2008ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಅಬುಧಾಬಿ ದುಡ್ಡು ಬಂತು. ಇವರು ಬೆಳೆಸೋದು, ಅವರು ಕೊಳ್ಳೋದು. ಟೂರೆ, ಅಡೆಬಯೊರ್, ಕ್ಲಿಶಿ, ನಸ್ರಿ ಎಲ್ಲ ಸಿಟಿಗೇ ಹೋದರು. ಫಾಬ್ರೆಗಾಸ್ ಬಾರ್ಸಿಲೋನಾಕ್ಕೆ. 2012ರಲ್ಲಿ ಕ್ಯಾಪ್ಟನ್ ವಾನ್ ಪರ್ಸಿಯನ್ನ ಯುನೈಟೆಡ್‌ಗೆ ಮಾರಿದರು. ಅವನು ಆ ವರ್ಷವೇ 26 ಗೋಲು ಹೊಡೆದು ಅವರಿಗೆ ಲೀಗ್ ಗೆದ್ದುಕೊಟ್ಟ. ಆಮೇಲೆ ಯುನೈಟೆಡ್ ಎಮಿರೇಟ್ಸ್‌ಗೆ ಬಂದಾಗ ನಮ್ಮ ಆಟಗಾರರು ಎರಡು ಸಾಲಾಗಿ ನಿಂತು ಚಾಂಪಿಯನ್ನರಿಗೆ ಚಪ್ಪಾಳೆ ತಟ್ಟಬೇಕಾಯಿತು, ಆ ಚಾಂಪಿಯನ್ನರಲ್ಲಿ ಅವನೂ ಇದ್ದ. ಆ ಸಾಲಿನಲ್ಲಿ ನಿಂತವರ ಮುಖ ನೋಡಬೇಕಿತ್ತು ನೀವು. ಹಾಗಿದ್ದರೂ ಪ್ರತಿ ವರ್ಷ ಮೊದಲ ನಾಲ್ಕರೊಳಗೆ ಇದ್ದರಲ್ಲ, ಒಟ್ಟು 20 ಸೀಸನ್, ಅದು ಸಾಲದ ಕಂತು ಕಟ್ಟಿದ ಹಾಗೆ. ಯಾರೂ ಮೆರವಣಿಗೆ ಮಾಡಲ್ಲ, ತಪ್ಪಿದರೆ ಮಾತ್ರ ಮನೆ ಮುಂದೆ ಬರ್ತಾರೆ.

ಈಗ ನೆಪದ ಭಾಗ. 2013ರಲ್ಲಿ ಓಜಿಲ್‌ನನ್ನ ಕೊಳ್ಳೋಕೆ 4 ಕೋಟಿ ಪೌಂಡಿಗೂ ಜಾಸ್ತಿ ಕೊಟ್ಟರು, ಅಂದರೆ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. 2015ರ ಬೇಸಿಗೆಯಲ್ಲಿ ಎಲ್ಲರೂ ಸ್ಟ್ರೈಕರ್ ಬೇಕು, ಮಿಡ್‌ಫೀಲ್ಡ್‌ನಲ್ಲಿ ಗಟ್ಟಿ ಆಳು ಬೇಕು ಅಂತ ಬಾಯಿ ಬಡಿದುಕೊಂಡರೂ ಸೀನಿಯರ್ ತಂಡಕ್ಕೆ ತಂದಿದ್ದು ಒಬ್ಬ ಗೋಲ್‌ಕೀಪರ್ ಚೆಕ್‌ನನ್ನ ಮಾತ್ರ. ಆ ಸೀಸನ್ ದೊಡ್ಡ ತಂಡಗಳೆಲ್ಲ ಮುಗ್ಗರಿಸಿದ್ದವು. ಲೀಗ್ ಗೆದ್ದಿದ್ದು ಲೆಸ್ಟರ್ ಅನ್ನೋ ಸಣ್ಣ ತಂಡ! ನಾವು ಹತ್ತು ಪಾಯಿಂಟ್ ಹಿಂದೆ, ಎರಡನೇ ಜಾಗ. ಅದಕ್ಕೆ ಸಾಲ, ಬ್ಯಾಂಕು, ಅಬುಧಾಬಿ ಯಾವುದೂ ಕಾರಣ ಅಲ್ಲ. ಅದು ವೆಂಗರ್ ಹಟ. ನಾನು ಅದನ್ನ ಇವತ್ತಿಗೂ ಕ್ಷಮಿಸಿಲ್ಲ.

ಪ್ರ: ಡ್ಯಾಮ್ ಕಟ್ಟಿದವರನ್ನ ನೆನೀಬೇಕು, ಗೇಟ್ ಮುರಿದಾಗ ಇದ್ದವರನ್ನಲ್ಲ. ವೆಂಗರ್ ವಿಷಯದಲ್ಲೂ ಅಷ್ಟೇ. ಏನಂತೀರಿ?
ಓದುಗ, ಮುನಿರಾಬಾದ್

ತುಂಗಭದ್ರಾ ಪಕ್ಕದಲ್ಲೇ ಕೂತು ಬರೆದಿದ್ದೀರಿ, 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದ ರಾತ್ರಿ ನಿಮಗೆ ನಿದ್ದೆ ಇರಲಿಲ್ಲ ಅಂತ ಕಾಣುತ್ತದೆ. ಆದರೆ ವೆಂಗರ್‌ಗೆ ಆಗಿದ್ದು ಗೇಟು ಮುರಿದ ಕಥೆ ಅಲ್ಲ, ಹೂಳು ತುಂಬಿದ ಕಥೆ. ಡ್ಯಾಮ್ ಕಟ್ಟಿದಾಗ 133 ಟಿಎಂಸಿ ನೀರು ಹಿಡೀತಿತ್ತು, ಈಗ 105ರ ಆಸುಪಾಸು. ಹೊರಗಿಂದ ನೋಡಿದರೆ ಅದೇ ಗೋಡೆ, ಅದೇ ಗೇಟು. ತುಂಬಿದ ದಿನ ಬಾಗಿನ ಕೊಡೋದೂ ಅದೇ ಥರ. ಒಳಗೆ ಎಷ್ಟು ಮಣ್ಣಿದೆ ಅಂತ ಗೊತ್ತಾಗೋದು ಬೇಸಿಗೆಯಲ್ಲಿ, ಎರಡನೇ ಬೆಳೆಗೆ ಕಾಲುವೆಯ ಕೊನೆಗೆ ನೀರು ಬರದಿದ್ದಾಗ.

ಆರ್ಸೆನಲ್ ಹಾಗೇ. ಆಗಸ್ಟಿನಿಂದ ಜನವರಿವರೆಗೆ ಚೆಂದ. ಫೆಬ್ರುವರಿ ಬಂತೋ, ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿ ಚಾಂಪಿಯನ್ಸ್ ಲೀಗಿನಲ್ಲಿ 16 ತಂಡ ಉಳಿದ ಘಟ್ಟದಲ್ಲಿ ಔಟು. ಏಳು ವರ್ಷ ಸಾಲಾಗಿ ಅಲ್ಲೇ ಔಟು. ಕೊನೇ ಸಲ 2017ರಲ್ಲಿ ಜರ್ಮನಿಯ ಬಯರ್ನ್ ಮುಂದೆ ಇಲ್ಲೂ 5-1, ಅಲ್ಲೂ 5-1. 2005ರಲ್ಲಿ ಮಿಡ್‌ಫೀಲ್ಡಿನ ಗಟ್ಟಿ ಆಳು ವಿಯೆರಾ ಹೋದ ಮೇಲೆ ಅವನ ಥರದ ಆಳನ್ನ ಕೊನೆಗೂ ತರಲಿಲ್ಲ. ಒಂದೊಂದು ವರ್ಷ ಒಂದೊಂದು ಪದರ ಮಣ್ಣು. ಕಟ್ಟಿದವರೇ 22 ವರ್ಷ ಕಾವಲಿಗೂ ಇದ್ದರೆ, ಹೂಳಿನ ಲೆಕ್ಕವೂ ಅವರಿಗೇ ಬರಬೇಕು, ಅಲ್ವಾ?

ಪ್ರ: ನಮ್ಮ ಶಾಲೆ ಹುಡುಗರು ಮ್ಯಾಚಿಗೆ ಮುಂಚೆ ಗೇಟಿನ ಹತ್ತಿರ ಬಜ್ಜಿ ತಿಂದು ಬರ್ತಾರೆ. ವೆಂಗರ್ ಊಟದ ಶಿಸ್ತು ತಂದ್ರು ಅಂತ ಕೇಳಿದ್ದೇನೆ, ನಿಜವೇ?
ದೈಹಿಕ ಶಿಕ್ಷಕರು, ಮಾನ್ವಿ

ನಿಜ ಮೇಷ್ಟ್ರೇ. ವೆಂಗರ್ ಜಪಾನಿನ ನಗೋಯಾ ಕ್ಲಬ್ಬಿನಿಂದ ಬಂದಾಗ ಇಂಗ್ಲಿಷ್ ಆಟಗಾರರು ಬಿಯರ್ ಕುಡಿದು, ಚಾಕೊಲೇಟ್ ತಿಂದು ಆಡುತ್ತಿದ್ದ ಕಾಲ. ಇವರು ಬೇಯಿಸಿದ ತರಕಾರಿ, ಬೇಯಿಸಿದ ಕೋಳಿ, ಮೀನು ಇಟ್ಟರು. ನಿಧಾನಕ್ಕೆ ಅಗಿದು ತಿನ್ನಿ ಅಂದರು. ಟೀಮಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರು 'ನಮ್ಮ ಮಾರ್ಸ್ ಬಾರ್ ವಾಪಸ್ ಕೊಡಿ' ಅಂತ ಹಾಡು ಕಟ್ಟಿ ಕೂಗಿದ್ದರು. ನಕ್ಕವರೆಲ್ಲ ಆಮೇಲೆ ಸುಮ್ಮನಾದರು. ಮೂವತ್ತು ದಾಟಿದ್ದ ಹಳೇ ಡಿಫೆಂಡರುಗಳು ಇನ್ನೂ ವರ್ಷಗಟ್ಟಲೆ ಓಡಿದರು, ಕ್ಯಾಪ್ಟನ್ ಟೋನಿ ಆಡಮ್ಸ್ 35ರವರೆಗೆ ಆಡಿದ.

ನನ್ನ ಲೆಕ್ಕದಲ್ಲಿ ವೆಂಗರ್ ಬಿಟ್ಟುಹೋದ ದೊಡ್ಡ ಆಸ್ತಿ ಇದೇ, ಅವರಿಗೆ ಮುಳುವಾಗಿದ್ದೂ ಇದೇ. ಊಟ, ವ್ಯಾಯಾಮ, ಫ್ರಾನ್ಸು ಆಫ್ರಿಕಾದಲ್ಲಿ ಕಡಿಮೆ ದುಡ್ಡಿಗೆ ಒಳ್ಳೇ ಹುಡುಗರನ್ನ ಹುಡುಕೋದು, ಎಲ್ಲವನ್ನೂ ಬೇರೆ ಕ್ಲಬ್ಬುಗಳು ನೋಡಿ ಕಲಿತವು. ಎಲ್ಲರ ಮನೆಯಲ್ಲೂ ಅದೇ ಅಡುಗೆ ಆದ ಮೇಲೆ ಇವರ ಹೋಟೆಲಿಗೇ ಯಾಕೆ ಬರಬೇಕು? ಹೊಸ ಅಡುಗೆ ಕಲಿಯೋ ವಯಸ್ಸು ದಾಟಿತ್ತು ಅನಿಸುತ್ತದೆ.

ಬಜ್ಜಿ ಮ್ಯಾಚ್ ಆದ ಮೇಲೆ ಕೊಡಿಸಿ. ಪೂರ್ತಿ ನಿಲ್ಲಿಸಿದರೆ ನಿಮ್ಮ ಮೇಲೂ ಹಾಡು ಕಟ್ಟುತ್ತಾರೆ.

ಪ್ರ: ವೆಂಗರ್‌ಗೆ ಆ ಉದ್ದನೆ ಕೋಟಿನ ಜಿಪ್ ಹಾಕೋಕೆ ಯಾಕೆ ಬರ್ತಿರಲಿಲ್ಲ?
ಓದುಗ, ಸಂಡೂರು

ಎಲ್ಲ ಡಿಫೆನ್ಸ್ ತೆರೆದೇ ಇಡೋದು ಅವರ ಶೈಲಿ.

ಪ್ರ: ನಿಮ್ಮನ್ನ ಇವತ್ತಿಗೂ ಕಾಡೋ ಆರ್ಸೆನಲ್ ಮ್ಯಾಚು ಯಾವುದು?
ಓದುಗ, ಶಕ್ತಿನಗರ, ರಾಯಚೂರು

ಕರೆಂಟ್ ತಯಾರಿಸೋ ಊರಿನವರೇ ಕೇಳಿದ್ದೀರಿ, ಹೇಳಿಬಿಡ್ತೀನಿ. 2006ರ ಮೇ 17, ಪ್ಯಾರಿಸ್ಸಿನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, ಎದುರಿಗೆ ಬಾರ್ಸಿಲೋನಾ. ನಮ್ಮಲ್ಲಿ ಶುರುವಾಗೋ ಹೊತ್ತಿಗೆ ರಾತ್ರಿ ಹನ್ನೆರಡೂಕಾಲು. ಬಳ್ಳಾರಿಯ ಮೇ ತಿಂಗಳು, ಮನೆಯೊಳಗೆ ಕೂರೋಕಾಗಲ್ಲ. ಗೆಳೆಯನ ಮನೆ ಮಾಳಿಗೆಗೆ ಟಿವಿ ಎತ್ತಿಕೊಂಡು ಹೋಗಿ, ಕೇಬಲ್ ವೈರನ್ನ ಕಿಟಕಿಯಿಂದ ಎಳೆದು, ಕೊಡದಲ್ಲಿ ನೀರು ಇಟ್ಟುಕೊಂಡು ಕೂತೆವು. 18ನೇ ನಿಮಿಷಕ್ಕೆ ನಮ್ಮ ಗೋಲ್‌ಕೀಪರ್ ಲೆಹ್ಮನ್‌ಗೆ ರೆಡ್ ಕಾರ್ಡ್. ಬದಲಿ ಗೋಲ್‌ಕೀಪರ್ ಬರಬೇಕಲ್ಲ, ವೆಂಗರ್ ಹೊರಗೆ ಕರೆದಿದ್ದು ಪಿರೆಸ್‌ನನ್ನ. ಅವನ ಸ್ವಂತ ದೇಶ, ಆರ್ಸೆನಲ್‌ಗೆ ಅವನ ಕೊನೇ ಮ್ಯಾಚು. ಅವನು ಬೋರ್ಡಿನ ಮೇಲೆ ತನ್ನ ನಂಬರ್ ನೋಡಿ ನಂಬದೆ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹತ್ತೇ ಜನ ಉಳಿದರೂ 37ನೇ ನಿಮಿಷಕ್ಕೆ ಕ್ಯಾಂಪ್‌ಬೆಲ್ ತಲೆಯಿಂದ ಗೋಲು ಹೊಡೆದ. ನಾವು ಕುಣಿದ ಸದ್ದಿಗೆ ಕೆಳಗಿನ ಅಜ್ಜಿ ಎದ್ದು ಬಂದು 'ಯಾರು ಸತ್ರೋ?' ಅಂದರು.

ಎರಡನೇ ಅರ್ಧದ ನಡುವೆ ಕರೆಂಟ್ ಹೋಯ್ತು. ಅಲ್ಲಿ ಪ್ಯಾರಿಸ್ಸಿನಲ್ಲಿ ಮಳೆ ಸುರೀತಿತ್ತು, ಇಲ್ಲಿ ನಾವು ಬೆವರಿನಲ್ಲಿ ಕತ್ತಲೆಯಲ್ಲಿ ಕೂತು ಒಂದು-ಸೊನ್ನೆ, ಒಂದು-ಸೊನ್ನೆ ಅಂತ ಜಪ ಮಾಡ್ತಿದ್ದೆವು. ಕರೆಂಟ್ ಬಂದಾಗ ಪರದೆಯ ಮೂಲೆಯಲ್ಲಿ 2-1, ಬಾರ್ಸಿಲೋನಾ ಕಡೆಗೆ. ಎಟೊ 76ಕ್ಕೆ, ಬೆಲೆಟಿ 81ಕ್ಕೆ. ನಮ್ಮ ಹಳೇ ಸ್ಟ್ರೈಕರ್ ಬರ್ಗ್‌ಕ್ಯಾಂಪ್ ಬೆಂಚಿನ ಮೇಲೇ ಕೂತು ನಿವೃತ್ತಿ ಆದ. ವೆಂಗರ್‌ಗೆ ಆ ಕಪ್ ಕೊನೆಗೂ ಸಿಗಲಿಲ್ಲ. ಅವತ್ತು ಗೆದ್ದಿದ್ದರೆ ಈ ಸಂಚಿಕೆಯ ಅರ್ಧ ಪತ್ರ ಬರುತ್ತಲೇ ಇರಲಿಲ್ಲ.

ಪ್ರ: ನಮ್ಮ ಯುನೈಟೆಡ್ ಮ್ಯಾನೇಜರ್ ಫರ್ಗುಸನ್ 13 ಲೀಗ್, ವೆಂಗರ್ 3. ಇನ್ನೇನು ಮಾತು?
ಯುನೈಟೆಡ್ ಅಭಿಮಾನಿ, ಗಂಗಾವತಿ

ಲೆಕ್ಕ ಸರಿ ಇದೆ, ಭತ್ತದ ವ್ಯಾಪಾರಿ ಅಂತ ಕಾಣುತ್ತೆ ನೀವು. ಎಫ್‌ಎ ಕಪ್ ಕೂಡ ಎಣಿಸಿ: ವೆಂಗರ್ 7, ಫರ್ಗುಸನ್ 5. ಹಾಗಂತ ಫರ್ಗುಸನ್ ಮೇಲು ಅನ್ನೋದನ್ನ ನಾನು ಅಲ್ಲಗಳೆಯಲ್ಲ. ಅವರು ತಂಡವನ್ನ ಮತ್ತೆ ಮತ್ತೆ ಹೊಸದಾಗಿ ಕಟ್ಟಿದರು, ವೆಂಗರ್ ಒಮ್ಮೆ ಕಟ್ಟಿದ್ದನ್ನೇ ನೆನೆದುಕೊಂಡು ಕೂತರು. ಆದರೆ ಒಂದು ಸೀಸನ್ ಪೂರ್ತಿ ಸೋಲದೆ ಇರೋದು ಫರ್ಗುಸನ್‌ಗೂ ಆಗಲಿಲ್ಲ ಅಂತ ನೆನಪಿಸಿ ಓಡಿಹೋಗ್ತೀನಿ.

ಪ್ರ: ತೋರಣಗಲ್ಲಿನಲ್ಲಿ ನಾವು ಬೆಂಗಳೂರು ಎಫ್‌ಸಿ ಹುಡುಗರು. ನಮ್ಮಲ್ಲೂ ಹಳೇ ಕೋಚ್‌ಗಳಲ್ಲಿ ವೆಸ್ಟ್‌ವುಡ್ ದೊಡ್ಡವರಾ, ಕ್ವಾಡ್ರಾತ್ ದೊಡ್ಡವರಾ ಅಂತ ಜಗಳ.
ಓದುಗ, ತೋರಣಗಲ್ಲು

ವೆಸ್ಟ್‌ವುಡ್ ಹೊಸ ಕ್ಲಬ್ಬಿಗೆ ಮೊದಲ ವರ್ಷವೇ ದೇಶದ ಆಗಿನ ದೊಡ್ಡ ಲೀಗು ಐ-ಲೀಗ್ ಗೆದ್ದುಕೊಟ್ಟರು, 2016ರಲ್ಲಿ ಇನ್ನೊಮ್ಮೆ. ಕ್ವಾಡ್ರಾತ್ 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ತಂದರು. ನಡುವೆ ಬಂದ ರೋಕಾ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ಲಿಗೆ ಕರೆದೊಯ್ದರು, ಅವರನ್ನ ಯಾಕೆ ಬಿಟ್ಟಿರಿ? ನನ್ನ ಮತ ವೆಸ್ಟ್‌ವುಡ್‌ಗೆ. ಏನೂ ಇಲ್ಲದ ಕಡೆ ಅಡಿಪಾಯ ಹಾಕಿದವರು ಅವರು.

ಪ್ರ: ನಮ್ಮ ಯಜಮಾನರಿಗೆ ನಲವತ್ತು, ಮೈದುನನಿಗೆ ಇಪ್ಪತ್ತೇಳು. ಇಬ್ಬರೂ ಆರ್ಸೆನಲ್ಲೇ, ಆದರೂ ವೆಂಗರ್ ಹೆಸರು ಬಂದರೆ ಊಟದ ತಟ್ಟೆ ಬಿಟ್ಟು ಏಳ್ತಾರೆ. ರೊಟ್ಟಿ ತಣ್ಣಗಾಗ್ತವೆ. ನಾನೇನು ಮಾಡ್ಲಿ?
ಗೃಹಿಣಿ, ಲಿಂಗಸುಗೂರು

ವಯಸ್ಸು ಬರೆದಿದ್ದೀರಲ್ಲ ತಂಗಿ, ಅಲ್ಲೇ ಉತ್ತರ ಇದೆ. ನಿಮ್ಮ ಯಜಮಾನರು ಆನ್ರಿ ಕಾಲದವರು, ಮೈದುನ ಎಂಟು ಗೋಲಿನ ಕಾಲದವನು. ಇಬ್ಬರೂ ನೋಡಿದ್ದು ಬೇರೆ ಬೇರೆ ಮನುಷ್ಯನನ್ನ.

ಒಂದು ಕೆಲಸ ಮಾಡಿ. ಭಾನುವಾರ ರೊಟ್ಟಿ ಬಡಿಯೋಕೆ ಮುಂಚೆ 2014ರ ಎಫ್‌ಎ ಕಪ್ ಫೈನಲ್ ಹಾಕಿ ಇಬ್ಬರನ್ನೂ ಕೂರಿಸಿ. ಒಂಬತ್ತು ವರ್ಷದಿಂದ ಒಂದೂ ಕಪ್ ಇಲ್ಲ, ಎದುರಾಳಿ ಹಲ್ ಸಿಟಿ ಅನ್ನೋ ಸಣ್ಣ ತಂಡ. ಎಂಟು ನಿಮಿಷಕ್ಕೇ ಎರಡು ಗೋಲು ಹಿಂದೆ. ಆಮೇಲೆ ನಮ್ಮವರ ಮೂರು ಗೋಲು: ಕಜೋರ್ಲಾ ಫ್ರೀಕಿಕ್, ಕೊಸಿಯೆಲ್ನಿ, ಹೆಚ್ಚುವರಿ ಸಮಯದಲ್ಲಿ ರಾಮ್ಸೇ. ಕೊನೆಗೆ ಆಟಗಾರರು ಶಾಂಪೇನ್ ಸುರಿದು ವೆಂಗರ್‌ನ ಬಿಳಿ ಅಂಗಿ ಪೂರ್ತಿ ತೋಯಿಸಿಬಿಡ್ತಾರೆ. ಅವತ್ತು ಇಬ್ಬರೂ ಒಂದೇ ಕಡೆ ಕೂತು ಕೂಗಿರಬೇಕು, ಕೇಳಿ ನೋಡಿ. ಆದರೆ ಮೊದಲ ಎಂಟು ನಿಮಿಷ ರಿಮೋಟ್ ನಿಮ್ಮ ಕೈಯಲ್ಲೇ ಇರಲಿ.