ಕಾಫಿ ತೋಟದ ದಿನಗೂಲಿಯವರಿಗೆ ಹೆರಿಗೆ ರಜೆ ಇದೆಯಾ?

ಮೂಡಿಗೆರೆ ಕಡೆಯ ದೊಡ್ಡ ಎಸ್ಟೇಟ್‌ನಲ್ಲಿ ದಿನಗೂಲಿಗೆ ಹೋಗುವ ನಿಮ್ಮ ಅತ್ತಿಗೆಗೆ ಸಂಬಳದ ಹೆರಿಗೆ ರಜೆ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತದೆ. ದಿನಗೂಲಿಯವರಿಗೂ ಈ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ.

ಮುಖ್ಯವಾದದ್ದು ಹಾಜರಿ. ಡಾಕ್ಟರ್ ಹೇಳಿದ ಹೆರಿಗೆ ದಿನಾಂಕಕ್ಕೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಕೊಯ್ಲಿನ ಮೂರು ತಿಂಗಳು ಬಿಡದೆ ಹೋಗಿದ್ದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ, ಅಲ್ವಾ? ಸಂಬಳ ಕೊಟ್ಟ ರಜೆಯ ದಿನಗಳೂ ಲೆಕ್ಕಕ್ಕೆ ಸೇರುತ್ತವೆ. ಎಸ್ಟೇಟ್‌ನ ಲೆಕ್ಕ ಬರೆಯುವ ರೈಟರ್ ಹತ್ತಿರ ಹೋಗಿ ಚೆಕ್‌ರೋಲ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಅತ್ತಿಗೆಯ ಹೆಸರಿನ ಮುಂದೆ ಎಷ್ಟು ದಿನ ಬಿದ್ದಿದೆ ಅಂತ ಈಗಲೇ ಎಣಿಸಿಕೊಳ್ಳಿ. ಆಮೇಲೆ ಸುಮ್ನೆ ಬಾಯಿಮಾತಲ್ಲಿ ವಾದ ಮಾಡಿದರೆ ನಡೆಯಲ್ಲ.

ರಜೆ 26 ವಾರ. ಆಗಲೇ ಎರಡು ಮಕ್ಕಳಿದ್ದರೆ 12. ಹಿಂದಿನ 3 ತಿಂಗಳ ಸರಾಸರಿ ಕೂಲಿ ಕೊಡಬೇಕು. ಹೆರಿಗೆಗೆ ಮುಂಚಿನ ವಾರಗಳ ದುಡ್ಡು ಮುಂಗಡವಾಗಿಯೇ ಬರಬೇಕು. ನಿಮ್ಮಣ್ಣನಿಗೆ ಮಾತ್ರ ಹೆರಿಗೆ ರಜೆಯ ಕಾನೂನಲ್ಲಿ ಒಂದು ದಿನದ ರಜೆಯೂ ಇಲ್ಲ, ಪಾಪ.