ಸೌರಫಲಕದೊಳಗಿನ ಬೆಳ್ಳಿ

ಪ್ರಶ್ನೆ: ಮನೆಯ ತಾರಸಿಯ ಮೇಲೆ 3 ಕಿಲೋವ್ಯಾಟ್ ಸೌರಫಲಕ ಹಾಕಿಸಬೇಕೆಂದಿದ್ದೇನೆ. ಬೆಳ್ಳಿ ತುಟ್ಟಿಯಾಗಿರುವುದರಿಂದ ಫಲಕಗಳ ಬೆಲೆಯೂ ಏರಿದೆ ಎಂದು ಮಾರಾಟಗಾರರು ಹೇಳುತ್ತಾರೆ. ಕೊಲ್ಲಿ ದೇಶಗಳ ತೈಲದ ಹಂಗು ತೊರೆದು ಬೆಳ್ಳಿಯ ಹಂಗಿಗೆ ಬಿದ್ದಂತಾಗುವುದಿಲ್ಲವೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಹಂಗು ಇರುವುದು ನಿಜ, ಆದರೆ ಅದರ ಸ್ವರೂಪ ಬೇರೆ. (ನಮ್ಮಲ್ಲಿ ವಿದ್ಯುತ್ತು ಬಹುಪಾಲು ತಯಾರಾಗುವುದು ಕಲ್ಲಿದ್ದಲಿನಿಂದ, ತೈಲದಿಂದಲ್ಲ.) ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲಿನ ದಾಸ್ತಾನು ಮುಗಿದ ದಿನವೇ ಉತ್ಪಾದನೆ ನಿಲ್ಲುತ್ತದೆ, ಬೆಳ್ಳಿಯ ಪೂರೈಕೆ ನಿಂತರೆ ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನದಲ್ಲಿ ಈಗಾಗಲೇ ಇರುವ ಫಲಕಗಳು ಒಂದು ಯೂನಿಟ್ ಕೂಡ ಕಡಿಮೆ ಕೊಡುವುದಿಲ್ಲ. ಕುಂಟುವುದು ಹೊಸ ಫಲಕಗಳ ತಯಾರಿಕೆ ಮಾತ್ರ.

ಲಗ್ನಪತ್ರಿಕೆಗಳನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಅಚ್ಚು ಹಾಕುವಂತೆಯೇ ಫಲಕದ ಕೋಶಗಳಾಗುವ ಸಿಲಿಕಾನ್ ಬಿಲ್ಲೆಗಳ ಮೇಲೆ ಬೆಳ್ಳಿಯ ಲೇಪದಿಂದ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಅಚ್ಚೊತ್ತುತ್ತಾರೆ. ಬಿಸಿಲಿನಿಂದ ಹುಟ್ಟಿದ ವಿದ್ಯುತ್ತನ್ನು ಹೊರಗೆ ತರುವುದು ಈ ಗೆರೆಗಳೇ. ವ್ಯಾಟಿಗೆ ಸುಮಾರು 10 ಮಿಲಿಗ್ರಾಂ ಎಂದು ಹಿಡಿದರೆ ನಿಮ್ಮ ತಾರಸಿಗೆ 30 ಗ್ರಾಂ ಬೇಕು, ಅಂದರೆ ಒಂದು ಜೊತೆ ಸಣ್ಣ ಕಾಲ್ಗೆಜ್ಜೆಯಷ್ಟು. ಆದರೆ ಇಂಥ ತಾರಸಿಗಳೂ ಉದ್ಯಾನಗಳೂ ಸೇರಿ 2024ರಲ್ಲಿ ಜಗತ್ತಿನಾದ್ಯಂತ ಸುಮಾರು 6,000 ಟನ್ ಬೆಳ್ಳಿಯನ್ನು ಬಳಸಿದವು. ಅದು ಒಟ್ಟು ಬೇಡಿಕೆಯ ಹೆಚ್ಚುಕಡಿಮೆ ಆರನೆಯ ಒಂದು ಪಾಲು.

ತೊಡಕಿರುವುದು ಗಣಿಯಲ್ಲಿ. ಬೆಳ್ಳಿಯ ಹೆಚ್ಚಿನ ಪಾಲು ಸೀಸ, ಸತು, ತಾಮ್ರ, ಚಿನ್ನಗಳ ಗಣಿಗಾರಿಕೆಯಲ್ಲಿ ಉಪೋತ್ಪನ್ನವಾಗಿ ಸಿಗುವುದರಿಂದ, ದರ ಏರಿತೆಂದು ಯಾರೂ ಕೂಡಲೇ ಹೆಚ್ಚು ಅಗೆಯಲಾರರು. ನಮ್ಮ ದೇಶದಲ್ಲಿಯೂ ಅದು ಮುಖ್ಯವಾಗಿ ರಾಜಸ್ಥಾನದ ಸತು-ಸೀಸದ ಗಣಿಗಳಿಂದಲೇ, ವರ್ಷಕ್ಕೆ 700 ಟನ್ ಆಸುಪಾಸಿನಲ್ಲಿ, ಬರುತ್ತದೆ; ಅದರ ಹಲವು ಪಟ್ಟು ಆಮದಾಗುತ್ತದೆ. ವಿದ್ಯುತ್ ಹರಿಸುವುದರಲ್ಲಿ ತಾಮ್ರ ಬೆಳ್ಳಿಗಿಂತ ತುಸುವೇ ಹಿಂದಿದ್ದರೂ, ಅದು ಬೇಗ ಕಿಲುಬು ಹಿಡಿಯುತ್ತದೆ, ಸಿಲಿಕಾನ್‌ನೊಳಕ್ಕೆ ಇಳಿದು ಕೋಶವನ್ನು ಕೆಡಿಸುತ್ತದೆ. ಆದ್ದರಿಂದ ನಡುವೆ ನಿಕ್ಕಲ್‌ನ ತಡೆಪದರ ಕೊಡುವುದು, ತಾಮ್ರದ ಕಣಗಳಿಗೆ ಬೆಳ್ಳಿ ಲೇಪಿಸುವುದು ಮುಂತಾದ ದಾರಿಗಳನ್ನು ತಯಾರಕರು ಹಿಡಿದಿದ್ದಾರೆ.

ಇಷ್ಟಾದರೂ ನನಗೆ ಹೆಚ್ಚು ಆತಂಕವಿರುವುದು ಬೆಳ್ಳಿಯ ಬಗ್ಗೆ ಅಲ್ಲ. ಮೆಕ್ಸಿಕೋ ಕೊಡದಿದ್ದರೆ ಪೆರು ಇದೆ, ಹಳೆಯ ಒಡವೆ ಪಾತ್ರೆಗಳನ್ನಾದರೂ ಕರಗಿಸಬಹುದು. ಸಿಲಿಕಾನ್ ಬಿಲ್ಲೆ, ಕೋಶಗಳ ತಯಾರಿಕೆಯಲ್ಲಿಯಾದರೋ ಪ್ರತಿ ಹಂತದ ಶೇ. 80ಕ್ಕೂ ಹೆಚ್ಚು ಸಾಮರ್ಥ್ಯ ಚೀನಾ ಒಂದರಲ್ಲಿಯೇ ಇದೆ.

ನಿಮ್ಮ ಮಾರಾಟಗಾರರ ಮಾತನ್ನು ನೀವೇ ತೂಗಿ ನೋಡಬಹುದು. ಇಂದಿನ ದರದಲ್ಲಿ 30 ಗ್ರಾಂ ಬೆಳ್ಳಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿ. ಅವರು ಏರಿಸಿರುವ ಮೊತ್ತ ಅದಕ್ಕಿಂತ ಹೆಚ್ಚಾಗಿದ್ದರೆ ಉಳಿದದ್ದಕ್ಕೆ ಬೇರೆ ಕಾರಣವನ್ನು ಕೇಳಿ.