ಮೂರು ರೂಪಾಯಿ ಕರೆಂಟಿಗೆ ಇಷ್ಟು ಬೆವರೇ?

ಓದುಗರ ಪತ್ರ: ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ‘ಕರೆಂಟ್ ಉಳಿಸಿದ ಸಿನಿಮಾ’ ಅಂತ ಎರಡು ಪುಟ ಹಾಕಿದ್ದೀರಿ. ಕೊಪ್ಪಳದ ಹತ್ತಿರದ ಹಳ್ಳಿಯೊಂದರ ಶಾಲೆ ಬಯಲಿನಲ್ಲಿ ಮಕ್ಕಳು ಸೈಕಲ್ ತುಳಿದು, ಆ ಕರೆಂಟಿನಲ್ಲಿ ಊರಿಗೆಲ್ಲ ಪುಕ್ಕಟೆ ಸಿನಿಮಾ ತೋರಿಸಿದರಂತೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು, ಲೆಕ್ಕ ಹಾಕಿದೆ. ಉಳಿದದ್ದು ಹೆಚ್ಚೆಂದರೆ ಅರ್ಧ ಯೂನಿಟ್. ಮೂರು ರೂಪಾಯಿ! ಶಾಲೆಯಲ್ಲೇ ಪ್ಲಗ್ ಇತ್ತಲ್ಲ? ತುಳಿದವರು ಆಮೇಲೆ ತಿಂದ ರೊಟ್ಟಿಯ ಲೆಕ್ಕ ಯಾರು ಬರೆದರು? ಇದೆಲ್ಲ ಪಟ್ಟಣದವರ ಶೋಕಿ. ಬಡವರ ಮಕ್ಕಳ ಕೈಯಲ್ಲಿ ಇಂಥ ಆಟ ಆಡಿಸಬೇಡಿ.
– ನಿವೃತ್ತ ಶಿಕ್ಷಕರು, ರಾಯಚೂರು

ಸಂಪಾದಕರ ಉತ್ತರ:

ಮಾಸ್ತರರೇ, ನಿಮ್ಮ ಲೆಕ್ಕ ಸರಿ. ಎಲ್ಲಾದರೂ ತಪ್ಪು ಸಿಗುತ್ತದೇನೋ ಅಂತ ನಾನೂ ಹಾಳೆ ಹಿಡಿದು ಕೂತೆ, ಸಿಗಲಿಲ್ಲ. ಪ್ರೊಜೆಕ್ಟರು ಎಲ್‌ಇಡಿಯದು, 80 ವಾಟ್. ಸ್ಪೀಕರಿಗೆ 50. ಇನ್ವರ್ಟರ್ ನಡುವೆ ನುಂಗುವುದು ಬೇರೆ. ಎಲ್ಲ ಸೇರಿ 180 ಅಂದುಕೊಂಡರೂ ಎರಡೂವರೆ ಗಂಟೆಗೆ ಅರ್ಧ ಯೂನಿಟ್ ಮುಟ್ಟುವುದಿಲ್ಲ. ಗಟ್ಟಿಮುಟ್ಟಾದ ಮನುಷ್ಯ ಬಿಡದೆ ತುಳಿದರೆ 75ರಿಂದ 100 ವಾಟ್. ಅಂದರೆ ಒಂದು ಯೂನಿಟ್ಟಿಗೆ ಹತ್ತು ಗಂಟೆಗೂ ಮೇಲೆ. ಅದೂ ಈ ಮೈ ತಾನು ತಿಂದದ್ದರಲ್ಲಿ ಪೆಡಲಿಗೆ ಕೊಡುವುದು ಕಾಲು ಭಾಗ ಮಾತ್ರ. ಉಳಿದದ್ದು ಬಿಸಿ, ಬೆವರು. ನಿಮ್ಮೂರಿನ ಪಕ್ಕದ ಶಕ್ತಿನಗರದ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಅಷ್ಟನ್ನು ಕಾಲಿನಿಂದಲೇ ತೆಗೆಯಬೇಕೆಂದರೆ 1 ಕೋಟಿ 72 ಲಕ್ಷ ಜನ ಒಟ್ಟಿಗೆ ತುಳಿಯಬೇಕು. ರೊಟ್ಟಿ ಬಡಿಯಲಿಕ್ಕೆ ಯಾರೂ ಉಳಿಯುವುದಿಲ್ಲ.

ಹೆಡ್ಡಿಂಗಿನ ತಪ್ಪು ನನ್ನದು. ವರದಿ ಬರೆದ ಹುಡುಗಿ ಬೇರೆಯದೇ ಕೊಟ್ಟಿದ್ದಳು. ಉದ್ದ ಆಯಿತು ಅಂತ ನಾನೇ ಬದಲಿಸಿದೆ. ಕರೆಂಟ್ ಏನೂ ಉಳಿಯಲಿಲ್ಲ, ಒಪ್ಪಿದೆ.

ಆದರೆ ಅಷ್ಟಕ್ಕೇ ನೀವು ಪೆನ್ನು ಕೆಳಗಿಡಲಿಲ್ಲ ನೋಡಿ. ‘ಪಟ್ಟಣದವರ ಶೋಕಿ’ ಅಂದಿರಿ. ಅಲ್ಲಿ ನನಗೆ ಚುಚ್ಚಿತು. ಲಂಡನ್ನಿನಂಥ ಕಡೆ ಜನ ತಮ್ಮ ಸೈಕಲ್ಲನ್ನೇ ಪಾರ್ಕಿಗೆ ತಂದು, ಸ್ಟ್ಯಾಂಡಿಗೆ ಸಿಕ್ಕಿಸಿ, ತುಳಿದು ಸಿನಿಮಾ ನೋಡುವುದುಂಟು. ಅಲ್ಲಿ ಅದು ಶೋಕಿ ಇರಬಹುದು. ನಮ್ಮ ಓಣಿಗೆ ಸಾಣೆ ಹಿಡಿಯುವವನು ಬರುತ್ತಾನಲ್ಲ, ಅವನು ಮಾಡುವುದೇನು? ಸೈಕಲ್ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು, ನಿಂತಲ್ಲೇ ತುಳಿದು ಕಲ್ಲು ತಿರುಗಿಸುತ್ತಾನೆ. ಈಳಿಗೆಯಿಂದ ಕಿಡಿ ಹಾರುವಾಗ ಓಣಿಯ ಹುಡುಗರೆಲ್ಲ ಸುತ್ತ ಕೂತು ನೋಡುತ್ತಾರೆ. ಅದೂ ಒಂಥರಾ ಸಿನಿಮಾನೇ ಅಲ್ವಾ? ಇನ್ನು ನಾವು ಚಿಕ್ಕವರಿದ್ದಾಗ ಏಳು ದಿನ ಸೈಕಲ್ ಇಳಿಯದೆ ಬಯಲಿನಲ್ಲಿ ಸುತ್ತುತ್ತಿದ್ದ ಮನುಷ್ಯರು ಬರುತ್ತಿದ್ದರು. ಸ್ನಾನ, ಊಟ ಎಲ್ಲ ಸೈಕಲ್ ಮೇಲೆಯೇ. ಅವರ ಅಂಗಿಗೆ ಊರ ಹಿರಿಯರು ನೋಟು ಚುಚ್ಚಿ ಹೋಗುತ್ತಿದ್ದರು. ನೀವೂ ನೋಡಿರುತ್ತೀರಿ. ಒಂದು ರೂಪಾಯಿ ಚುಚ್ಚಿಯೂ ಇರುತ್ತೀರಿ.

ಆ ರಾತ್ರಿ ನಾನೂ ಅಲ್ಲಿದ್ದೆ. ವರದಿಯಲ್ಲಿ ಬರದ ಒಂದೆರಡು ಸಂಗತಿ ಹೇಳುತ್ತೇನೆ, ಕೇಳಿ.

ಎರಡು ಬಿಳಿ ಧೋತರ ಜೋಡಿಸಿ ಹೊಲಿದ ಪರದೆ. ಐದು ಸೈಕಲ್. ಅದರಲ್ಲಿ ಮೂರು, ಎಂಟನೇ ಕ್ಲಾಸಿನ ಮಕ್ಕಳಿಗೆ ಅಂತ 2006-07ರಿಂದ ಸರಕಾರ ಕೊಟ್ಟ ಸೈಕಲ್ಲುಗಳು. ಅಕ್ಕ ಓಡಿಸಿ, ತಂಗಿ ಓಡಿಸಿ, ಈಗ ಮನೆ ಮುಂದೆ ತುಕ್ಕು ಹಿಡಿದು ನಿಂತಿದ್ದವು. ಹಿಂದಿನ ಗಾಲಿ ನೆಲದಿಂದ ಎತ್ತಿ, ಟೈರು ಬಿಚ್ಚಿ, ರಿಮ್ಮಿನಿಂದ ಒಂದು ಡಿಸಿ ಮೋಟರಿಗೆ ಬೆಲ್ಟ್ ಹಾಕಿದ್ದರು. ಕರೆಂಟ್ ಕೊಟ್ಟರೆ ತಿರುಗುವ ಮೋಟರನ್ನು ನಾವೇ ತಿರುಗಿಸಿದರೆ ಅದೇ ಕರೆಂಟ್ ಕೊಡುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬ್ಯಾಟರಿಯ ಕರೆಂಟ್ ವಾಪಸ್ ಬಂದು ಗಾಲಿ ತಿರುಗಿಸದ ಹಾಗೆ ನಡುವೆ ಒಂದು ಡಯೋಡ್. ಆಮೇಲೆ ಬ್ಯಾಟರಿ, ಇನ್ವರ್ಟರು. ವೈರುಗಳಿಗೆ ಸುತ್ತಿದ ಟೇಪು ಕೆಂಪು, ಹಳದಿ, ಕೈಗೆ ಸಿಕ್ಕ ಬಣ್ಣ.

ಸಿನಿಮಾಕ್ಕೆ ಮೊದಲು ಅಲ್ಲಿನ ವಿಜ್ಞಾನದ ಮೇಡಂ ಒಂದು ಕೆಲಸ ಮಾಡಿದರು. ಒಬ್ಬ ಹುಡುಗಿಯನ್ನು ಸೈಕಲ್ ಹತ್ತಿಸಿ, ಬ್ಯಾಟರಿ, ಇನ್ವರ್ಟರಿನ ಹಂಗಿಲ್ಲದೆ 12 ವೋಲ್ಟಿನ ಬಲ್ಬುಗಳನ್ನು ನೇರವಾಗಿ ಸಿಕ್ಕಿಸಿದರು. ಮೊದಲು 9 ವಾಟಿನ ಎಲ್‌ಇಡಿ. ಹುಡುಗಿ ನಗುತ್ತಾ ತುಳಿದಳು. ಆಮೇಲೆ 60 ವಾಟಿನ ಹಳೇ ತಂತಿ ಬಲ್ಬು. ಸ್ವಿಚ್ ಒತ್ತಿದ ಕ್ಷಣ ಅವಳ ಕಾಲು ತಡೆದು ನಿಂತಿತು. ಸೀಟಿನಿಂದ ಎದ್ದು ನಿಂತು, ಮೈಭಾರ ಹಾಕಿ ತುಳಿದಳು. ‘ಯಾರೋ ಹಿಂದಿಂದ ಕ್ಯಾರಿಯರ್ ಹಿಡ್ದಂಗಾತ್ರಿ ಮೇಡಂ’ ಅಂದಳು. ಮಾಸ್ತರರೇ, ಮೂವತ್ತು ವರ್ಷ ನೀವು ಬೋರ್ಡಿನ ಮೇಲೆ ವಾಟ್ ಅಂದರೇನು ಅಂತ ಬರೆದಿರುತ್ತೀರಿ. ನಿಮ್ಮ ಯಾವ ವಿದ್ಯಾರ್ಥಿಯಾದರೂ ಇಷ್ಟು ಸರಿಯಾಗಿ ಹೇಳಿದ್ದನೇ? ಅಷ್ಟೇ ವಾಟಿನ ಮನೆ ಬಲ್ಬುಗಳನ್ನು ಆ ಶಾಲೆಯ ಪ್ಲಗ್ಗಿಗೆ ಸಿಕ್ಕಿಸಿದ್ದರೆ ಎರಡೂ ಒಂದೇ ಥರ ಸುಮ್ನೆ ಉರಿಯುತ್ತಿದ್ದವು.

ಸಿನಿಮಾ ಶುರುವಾದ ಮೇಲೆ ಇನ್ನೊಂದು ತಮಾಷೆ. ಕಣ್ಣೀರಿನ ಸೀನು ಬಂತು. ತುಳಿಯುವ ಐದೂ ಜನ ಪರದೆ ನೋಡುತ್ತಾ ಕಾಲು ನಿಲ್ಲಿಸಿಬಿಟ್ಟರು! ಸ್ವಲ್ಪ ಹೊತ್ತಿಗೆ ಇನ್ವರ್ಟರು ಕೀಂ ಕೀಂ ಅನ್ನತೊಡಗಿತು. ಇಡೀ ಬಯಲು ತಿರುಗಿ ‘ತುಳೀರಲೇ!’ ಅಂತ ಕೂಗಿತು. ಮುಂದೆ ಕೂತಿದ್ದ ಅಜ್ಜಿಯೊಬ್ಬಳು, ‘ಪಾಪ, ಆ ಹುಡುಗಿ ಅಳಾಕತ್ತಾಳ, ಕತ್ತಲಾಗ ಬಿಡಬ್ಯಾಡ್ರೋ’ ಅಂದಳು. ಆಮೇಲೆ ಕಾಲು ಗಂಟೆಗೊಮ್ಮೆ ಪಾಳಿ ಬದಲಾಯಿತು. ಸೊಸೈಟಿ ಸೆಕ್ರೆಟರಿ ತುಳಿದರು. ಮಿರ್ಚಿ ಬಂಡಿಯವನು ಒಲೆಯನ್ನು ಹೆಂಡತಿಗೆ ಬಿಟ್ಟು ಬಂದು ತುಳಿದ. ನಾನೂ ಹತ್ತಿದೆ, ಏಳು ನಿಮಿಷಕ್ಕೆ ಇಳಿದೆ. ಅದನ್ನು ವರದಿಗಾರ್ತಿ ಬರೆದಿದ್ದಳು, ನಾನು ತೆಗೆದುಹಾಕಿದ್ದೆ.

ಸಿನಿಮಾ ಹುಟ್ಟಿದ್ದೇ ಹೀಗೆ ಅಂತ ನಾವು ಮರೆತಿದ್ದೇವೆ. ಲುಮಿಯೇರ್ ಸಹೋದರರು 1895ರ ಡಿಸೆಂಬರ್ 28ಕ್ಕೆ ಪ್ಯಾರಿಸ್ಸಿನಲ್ಲಿ ಟಿಕೆಟ್ ಹಾಕಿ ಸಿನಿಮಾ ತೋರಿಸಿದರು. ಮುಂದಿನ ವರ್ಷ ಜುಲೈ 7ಕ್ಕೆ ಅದೇ ಯಂತ್ರ ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂತು. ಆ ಯಂತ್ರಕ್ಕೆ ಮೋಟರಿರಲಿಲ್ಲ, ಹ್ಯಾಂಡಲ್ ಇತ್ತು. ಒಬ್ಬ ನಿಂತು ತಿರುವಬೇಕು. ತಿರುವುವವನಿಗೆ ಹಸಿವಾಗಿದ್ದರೆ ಕಥೆ ಬೇಗ ಮುಗಿಯುತ್ತಿತ್ತೋ ಏನೋ. ಮಾತು ಬಂದ ಮೇಲೆ ಈ ಆಟ ನಡೆಯಲಿಲ್ಲ. ವೇಗ ಹೆಚ್ಚುಕಡಿಮೆಯಾದರೆ ನಾಯಕನ ದನಿ ನಾಯಕಿಯದಾಗುತ್ತದೆ. ಸೆಕೆಂಡಿಗೆ 24 ಚಿತ್ರ ಅಂತ ಗಟ್ಟಿಯಾಯಿತು, ಕೈ ಪೂರ್ತಿ ಹೋಗಿ ಮೋಟರೇ ಉಳಿಯಿತು. ಆದರೂ ಸೈಕಲ್ ಪೂರ್ತಿ ಬಿಟ್ಟು ಹೋಗಲಿಲ್ಲ. ಒಂದೇ ಪ್ರಿಂಟನ್ನು ಎರಡು ಟಾಕೀಸಿನವರು ಹಂಚಿಕೊಂಡಾಗ ರೀಲಿನ ಡಬ್ಬಿ ಹೊತ್ತು ಓಡುತ್ತಿದ್ದದ್ದು ಯಾರು? ಸೈಕಲ್ಲಿನ ಹುಡುಗ. ಅವನ ಟೈರು ಪಂಕ್ಚರ್ ಆದರೆ ಇಲ್ಲಿ ನೆಲದ ಟಿಕೆಟ್ಟಿನವರು ಸಿಳ್ಳೆ ಹಾಕುತ್ತಿದ್ದರು.

ಇನ್ನೂ ಹಿಂದಕ್ಕೆ ಹೋಗಿ. ಬಿಳಿ ಬಟ್ಟೆ ಕಟ್ಟಿ, ಹಿಂದೆ ದೀಪ ಇಟ್ಟು, ಕತ್ತಲಲ್ಲಿ ಊರನ್ನೇ ಕೂರಿಸಿ ಕಥೆ ಹೇಳುವುದನ್ನು ನಮಗೆ ಪ್ಯಾರಿಸ್ಸಿನವರು ಕಲಿಸಬೇಕಿತ್ತೇ? ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಅಜ್ಜಿ, ಜೀವಮಾನವೆಲ್ಲ ತೊಗಲು ಗೊಂಬೆ ಆಡಿಸಿದವರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದೇ ತೊಗಲಿನಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆ ತೋರಿಸಿದರು. ಇಂಥ ಆಟಕ್ಕೆ ಎಣ್ಣೆ ಕೊಡುವವರು ಊರವರು, ಜೋಳ ಅಳೆದು ಕೊಡುವವರು ಊರವರು. ಬಯಲಾಟವೂ ಅಷ್ಟೇ. ಬೆಳಗಾಗುವ ತನಕ ಪೆಟ್ರೋಮ್ಯಾಕ್ಸಿಗೆ ಗಾಳಿ ಹೊಡೆಯುವ ಕೆಲಸ ಯಾರಾದರೂ ಒಬ್ಬ ಹುಡುಗನಿಗೆ ಬಿದ್ದೇ ಇರುತ್ತಿತ್ತು. ಅದು ನಾನಾಗಿದ್ದೆ, ಎರಡು ವರ್ಷ. ಆ ಪ್ರಸಂಗದ ಮಾತುಗಳು ಇವತ್ತಿಗೂ ನನಗೆ ಬಾಯಿಪಾಠ. ಹೋದ ವಾರ ಮೊಬೈಲಿನಲ್ಲಿ ನೋಡಿದ ಸಿನಿಮಾದ ಹೆಸರು ಕೇಳಬೇಡಿ.

ಪುಕ್ಕಟೆ ಅಂತ ನೀವು ಬರೆದದ್ದರಲ್ಲೂ ಒಂದು ಮೂಗುಮುರಿತ ಇದೆ. ಪುಕ್ಕಟೆಯಲ್ಲೂ ಎರಡು ಥರ ಉಂಟು. ನಿಮಗೆ ನೆನಪಿರಬೇಕು, 1975ರ ಆಗಸ್ಟ್ 1ಕ್ಕೆ ಶುರುವಾದ ಸೈಟ್ ಟಿವಿ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ಕಾರ್ಯಕ್ರಮ. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೆ ಸಿಕ್ಕಿತ್ತು. ಕೊಪ್ಪಳ ಆಗ ರಾಯಚೂರಿನಲ್ಲೇ ಇತ್ತು. ಕೋಳಿ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಬುಟ್ಟಿಯಂಥ ಆಂಟೆನಾ. ಪಕ್ಕದ ಊರಿನ ಶಾಲೆಯ ಪಡಸಾಲೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ನಾನೂ ನೋಡಿದ್ದೇನೆ. ಬೆಂಗಳೂರಿನ ಮನೆಗಳಿಗಿಂತ ಮೊದಲೇ ನಮ್ಮ ಕಡೆಯ ಹಳ್ಳಿಗಳಿಗೆ ಟಿವಿ ಬಂದಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಆಮೇಲೇನಾಯಿತು? ಉಪಗ್ರಹ ಅಮೆರಿಕದ್ದು, ಒಂದು ವರ್ಷಕ್ಕೆ ಅಂತ ಕೊಟ್ಟಿದ್ದರು. 1976ರ ಜುಲೈ 31ಕ್ಕೆ ಗಡುವು ಮುಗಿಯಿತು. ಆಗಸ್ಟಿನಲ್ಲಿ ಜನ ಸಂಜೆ ಹೊತ್ತು ಬಂದು, ಖಾಲಿ ಪೆಟ್ಟಿಗೆ ನೋಡಿ, ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದರು. ಅದನ್ನು ವಾಪಸ್ ತರಲು ಊರಿನವರ ಕೈಯಲ್ಲಿ ಏನೂ ಇರಲಿಲ್ಲ. ಈ ಸೈಕಲ್ ಸಿನಿಮಾದ ಹಳ್ಳಿಯಲ್ಲಿ ಬೆಲ್ಟ್ ಹರಿದರೆ ಸೈಕಲ್ ಶಾಪಿನವನಿಗೆ ಗೊತ್ತು ಏನು ಮಾಡಬೇಕು ಅಂತ.

ಇನ್ನು ಟಾಕೀಸಿನ ಮಾತು ಎತ್ತಿದರೆ ನನಗೆ ಸಿಟ್ಟು ಬರುತ್ತದೆ, ಆದರೂ ಎತ್ತುತ್ತೇನೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಎಷ್ಟು ಟಾಕೀಸು ಕಲ್ಯಾಣ ಮಂಟಪ ಆದವು, ಎಷ್ಟು ಗೋಡೌನ್ ಆದವು ನೋಡಿ. ಟೆಂಟಂತೂ ಹೋಗಿಯೇ ಹೋಯಿತು. ಹೋದ ವರ್ಷ ಅವ್ವನನ್ನು ದೊಡ್ಡ ಊರಿನ ಮಾಲಿನೊಳಗಿನ ಥಿಯೇಟರಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ಚೀಲ ತಪಾಸಣೆ. ಅವಳು ಗಂಟು ಕಟ್ಟಿ ತಂದಿದ್ದ ನಾಲ್ಕು ಶೇಂಗಾ ಉಂಡಿ ತೆಗೆದಿಟ್ಟುಕೊಂಡರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಒಳಗೆ ಮಂಡಾಳಿನ ಹಾಗೆ ಕಾಣುವ ಒಂದು ಡಬ್ಬಿ ಪಾಪ್‌ಕಾರ್ನಿಗೆ ನಮ್ಮಿಬ್ಬರ ಟಿಕೆಟ್ಟಿನಷ್ಟು ದುಡ್ಡು. ಅವ್ವ ಸಿನಿಮಾ ಹೇಗಿತ್ತು ಅಂತ ಯಾರಿಗೂ ಹೇಳಲಿಲ್ಲ, ಉಂಡಿಯ ಕಥೆಯನ್ನು ಓಣಿಗೆಲ್ಲ ಹೇಳಿದಳು. ಈಗ ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಮೊಬೈಲು, ನಾಲ್ಕು ಮೂಲೆ, ಕಿವಿಗೆ ವೈರು. ಒಬ್ಬರು ನಕ್ಕರೆ ಮೂವರು ಏನಾಯ್ತು ಅಂತ ತಿರುಗಿ ನೋಡುತ್ತಾರೆ. ಶಾಲೆ ಬಯಲಿಗೆ ಸಂಜೆಯಾದರೆ ಬೀಗ. ಇಂಥ ಕಾಲದಲ್ಲಿ ಇನ್ನೂರು ಜನ ಒಂದು ಧೋತರದ ಮುಂದೆ ಕೂತು ಒಟ್ಟಿಗೆ ಅತ್ತಿದ್ದನ್ನು ನೀವು ಮೂರು ರೂಪಾಯಿ ಅಂದಿರಿ!

ಬಡವರ ಮಕ್ಕಳು ಅಂತ ಕಾಳಜಿ ತೋರಿಸಿದ್ದೀರಿ, ಅದು ದೊಡ್ಡದು. ಆದರೆ ಯಾರನ್ನೂ ದುಡಿಸಲಿಲ್ಲ ಮಾಸ್ತರರೇ, ಸೀಟಿಗಾಗಿ ಜಗಳವಾಡಿದರು. ಪಾಳಿ ಚೀಟಿಯಲ್ಲಿ ಹೆಸರು ಬರೆಯಿಸಿ ಸಿಗದೆ ಒಬ್ಬ ಹುಡುಗ ಮುನಿಸಿಕೊಂಡು ಮನೆಗೆ ಹೋದ.

ನಿಮ್ಮ ಪತ್ರ ನೋಡಿ ಬೇರೆ ಊರಿನವರೂ ಹೊರಟರೆ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ದುಡ್ಡು ತೆಗೆದುಕೊಳ್ಳುವುದಿಲ್ಲ ಅಂದ ಮಾತ್ರಕ್ಕೆ ಯಾರ ಸಿನಿಮಾ ಬೇಕಾದರೂ ಬಯಲಿನಲ್ಲಿ ಹಾಕುವಂತಿಲ್ಲ. ಹಕ್ಕಿರುವವರ ಒಪ್ಪಿಗೆ ಬೇಕು. ನಮ್ಮ ದೇಶದಲ್ಲಿ ಸಿನಿಮಾದ ಹಕ್ಕು ಅದು ಹೊರಬಂದ ಮೇಲೆ 60 ವರ್ಷ ಇರುತ್ತದೆ. ಅದಕ್ಕಿಂತ ಹಳೆಯದಾದರೆ ಆ ತಲೆನೋವು ಕಡಿಮೆ. ಕಪ್ಪುಬಿಳುಪು ಸಿನಿಮಾ ಧೋತರದ ಮೇಲೆ ಚೆನ್ನಾಗಿಯೂ ಕಾಣುತ್ತದೆ.

ಮುಂದಿನ ಅಮಾವಾಸ್ಯೆಗೆ ಅದೇ ಬಯಲಿನಲ್ಲಿ ಮತ್ತೆ ಹಾಕುತ್ತಾರಂತೆ. ರಾಯಚೂರಿನಿಂದ ಬಸ್ಸಿದೆ. ಕೊಪ್ಪಳದ ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ, ಅಲ್ಲಿ ಒಗ್ಗರಣಿ ಮಿರ್ಚಿ ತಿಂದು ಹೋಗೋಣ, ರೊಟ್ಟಿಯ ಲೆಕ್ಕ ಆಮೇಲೆ ನೋಡಿಕೊಳ್ಳೋಣ. ನಿಮ್ಮ ಹೆಸರನ್ನು ಪಾಳಿ ಚೀಟಿಯಲ್ಲಿ ಈಗಲೇ ಬರೆಸಿದ್ದೇನೆ, ಇಂಟರ್‌ವಲ್ ಆದ ಮೇಲಿನ ಕಾಲು ಗಂಟೆ. ಬರುವಾಗ ಕರೆಂಟ್ ಅಳೆಯುವ ನಿಮ್ಮ ಮಲ್ಟಿಮೀಟರ್ ತನ್ನಿ. ಆ ಮೇಡಂ ಹತ್ತಿರ ಇರುವುದರ ಮುಳ್ಳು ಸಿಕ್ಕಿಹಾಕಿಕೊಂಡಿದೆ, ಪ್ರತಿ ಸಲವೂ ತಟ್ಟಿ ನೋಡುತ್ತಾರೆ.